ಹಿಮಸಂಪಿಗೆಯ ಸುಟ್ಟ ಅಂಚು

ಫೆಬ್ರವರಿ 11

ನಾದಿನಿಗೆ,

ಮನೆಯಲ್ಲಿ ಎಲ್ಲರೂ ಆರೋಗ್ಯ. ಆರೋಗ್ಯ ಕೆಟ್ಟಿರುವುದು ಮರಕ್ಕೆ. ಅದಕ್ಕೇ ಈ ಕಾಗದ. ಇಲ್ಲದಿದ್ದರೆ ನಾನು ಬರೆಯುತ್ತಿರಲಿಲ್ಲ, ನೀನೂ ಕಾಯುತ್ತಿರಲಿಲ್ಲ.

ನಿನ್ನ ಅಣ್ಣ ಈ ಮನೆ ಕೊಂಡ ವರ್ಷ ತೋಟದಲ್ಲಿ ಸಾಲಾಗಿ ನೆಟ್ಟ ಮೂರು ಹಿಮಸಂಪಿಗೆ ನಿನಗೆ ನೆನಪಿರಬೇಕು. ಅಂಗೈಗಿಂತ ದೊಡ್ಡ ಬಿಳಿ ಹೂವು, ಎಣ್ಣೆ ಸವರಿದಂಥ ಎಲೆ. ನಮ್ಮ ಲಾಂಡ್ರಿಗೆ ಬಟ್ಟೆ ತಂದವರು ಹೂವನ್ನೂ ನಾವು ಒಗೆದ ಬಿಳಿ ಹಾಸುಗಳನ್ನೂ ಒಂದೇ ಉಸಿರಿಗೆ ಹೊಗಳಿ ಹೋಗುತ್ತಿದ್ದರು. ಅವುಗಳಲ್ಲಿ ಲಾಂಡ್ರಿ ಗೋಡೆಯ ಪಕ್ಕದ ಮರ ಕಳೆದ ವರ್ಷ ಒಣಗತೊಡಗಿ ಹೋದ ತಿಂಗಳು ಪೂರ್ತಿ ಸತ್ತಿತು. ಈಗ ನಡುವಿನದಕ್ಕೂ ಅದೇ ಕಾಯಿಲೆ. ಮೊದಲು ಎಲೆಯ ತುದಿ ಕಂದಾಗುತ್ತದೆ. ಆಮೇಲೆ ಇಸ್ತ್ರಿ ಪೆಟ್ಟಿಗೆ ತಗುಲಿದಂತೆ ಅಂಚೆಲ್ಲ ಸುಟ್ಟು ಎಲೆ ಉದುರುತ್ತದೆ. ಹುಳು ಇಲ್ಲ, ಬೂಷ್ಟು ಇಲ್ಲ. ಬೀದಿ ಕಡೆಯ ಮೂರನೆಯದು ಇನ್ನೂ ಚೆನ್ನಾಗಿದೆ.

ರೋಗ ಯಾವುದೆಂದು ನನಗೆ ಗೊತ್ತು. ಬೀದಿಯ ಕೋಣೆಯಲ್ಲಿ ಎಂಟು ವರ್ಷದಿಂದ ಬಾಡಿಗೆಗಿರುವ ಕನ್ನಡಕದ ಅಂಗಡಿಯವನೇ ಆ ರೋಗ. ಮರಗಳು ತನ್ನ ಬೋರ್ಡಿಗೆ ಅಡ್ಡ ಎಂದು ಅವನಿಗೆ ಮೊದಲಿಂದಲೂ ಕೊರಗು. ಒಮ್ಮೆ ನನ್ನೆದುರಿಗೇ ಅಂದ: "ಅಮ್ಮಾ, ಕಣ್ಣು ನೆಟ್ಟಗಿರೋರ್ಗೇ ನನ್ನ ಬೋರ್ಡು ಕಾಣಲ್ಲ. ಇನ್ನು ನನ್ನ ಗಿರಾಕಿಗಳಿಗೆ ಎಲ್ಲಿಂದ ಕಾಣ್ಬೇಕು?" ಗಾಜು ಒರೆಸುವ ಬಣ್ಣಬಣ್ಣದ ದ್ರವಗಳ ಬಾಟಲಿಗಳು ಅವನಲ್ಲಿವೆ. ಅವುಗಳಲ್ಲಿ ಯಾವುದನ್ನು ಬೇರಿಗೆ ಸುರಿದಿದ್ದಾನೆ ಎಂಬುದಷ್ಟೇ ನಿನ್ನಿಂದ ತಿಳಿಯಬೇಕು. ಅವನ ಪಕ್ಕದ ಮರ ಚೆನ್ನಾಗಿದೆಯಲ್ಲ ಎಂದು ನನ್ನ ಸೊಸೆ ಕೇಳಿದಳು. ಕಳ್ಳನಾದವನು ಪಕ್ಕದ ಮನೆಯಿಂದ ಶುರು ಮಾಡುವುದಿಲ್ಲ ಎಂದೆ.

ಗಿಡಗಳ ಚಿಕಿತ್ಸಾಲಯದಲ್ಲಿ ಮೂವತ್ತು ವರ್ಷ ಕಳೆದವಳು ನೀನು. ಎಲೆ ನೋಡಿ ವಿಷದ ಹೆಸರು ಹೇಳು. ಹತ್ತು ಎಲೆ ಹಳೆಯ ಪತ್ರಿಕೆಯೊಳಗೆ ಮಡಿಸಿ ಇಟ್ಟಿದ್ದೇನೆ.

ನಿನ್ನ ಅತ್ತಿಗೆ

---

ಫೆಬ್ರವರಿ 20

ಅತ್ತಿಗೆ,

ಎಲೆಗಳು ಬಂದವು. ನೀವು ಮಡಿಸಿದ ರೀತಿಗೆ ಒಂದೂ ಮುದುಡಿರಲಿಲ್ಲ. ಇಲ್ಲಿನ ಹುಡುಗಿಯರಿಗೆ ತೋರಿಸಿ, ಮಾದರಿ ಕಳಿಸುವುದೆಂದರೆ ಹೀಗೆ ಎಂದೆ.

ವಿಷದ ಹೆಸರು ಮಾತ್ರ ಹೇಳಲಾರೆ. ಜ್ವರ ಎಂದ ಕೂಡಲೇ ಡಾಕ್ಟರು ಮಾತ್ರೆ ಕೊಡುವುದಿಲ್ಲವಲ್ಲ, ಹಾಗೆ. ಅಂಚು ಸುಡಲು ಹತ್ತು ಕಾರಣಗಳಿವೆ. ಮನೆಯ ತೋಟಗಳಲ್ಲಿ ಮರ ಸಾಯುವುದು ಕೀಟದಿಂದ ಕಡಿಮೆ, ಮನೆಯವರಿಂದ ಹೆಚ್ಚು. ಕೋಪ ಮಾಡಿಕೊಳ್ಳಬೇಡಿ, ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಬುಡದಲ್ಲಿ ಮಣ್ಣು ಏರಿಸಿದ್ದೀರಾ? ಹತ್ತಿರ ಅಗೆಸಿದ್ದೀರಾ? ಬಟ್ಟೆ ಬಿಳುಪು ಮಾಡುವ ನೀರು ಆ ಕಡೆ ಹರಿಯುತ್ತದೆಯೇ? ವಾರಕ್ಕೆ ಎಷ್ಟು ನೀರು, ಯಾವ ನೀರು? ಈ ಎರಡು ವರ್ಷಗಳಲ್ಲಿ ಮನೆಯಲ್ಲಿ ಏನಾದರೂ ಹೊಸದಾಗಿ ಬಂತೆ? ತೋಟದ ನಕ್ಷೆಯನ್ನೂ ಬರೆದು ಕಳಿಸಿ.

ಅಲ್ಲಿಯವರೆಗೆ ಕನ್ನಡಕದವರಿಗೆ ಏನೂ ಅನ್ನಬೇಡಿ.

ನಿಮ್ಮ ನಾದಿನಿ

---

ಫೆಬ್ರವರಿ 27

ನಾದಿನಿಗೆ,

ಅನ್ನಬೇಡಿ ಎಂಬ ನಿನ್ನ ಸಲಹೆ ನಾನು ಅಂದಾದ ಮೇಲೆ ಬಂತು. ಅವನ ಅಂಗಡಿಗೇ ಹೋಗಿ, ಮೂವರು ಗಿರಾಕಿಗಳ ಎದುರಿಗೇ ಅಂದೆ. ಅವನು ತಲೆ ತಗ್ಗಿಸಿಕೊಂಡು ನಿಂತ, ಒಂದು ಮಾತೂ ಆಡಲಿಲ್ಲ. ತಪ್ಪಿಲ್ಲದವನು ಸುಮ್ಮನಿರುತ್ತಾನೆಯೇ? ಮೇ ಹದಿನೈದರೊಳಗೆ ಕೋಣೆ ಖಾಲಿ ಮಾಡಬೇಕೆಂದು ಕಾಗದದಲ್ಲಿ ಬರೆದು ಕೊಟ್ಟಿದ್ದೇನೆ. ನಾನು ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ಈ ಬೀದಿ ನೋಡಿಲ್ಲ.

ನಿನ್ನ ಪ್ರಶ್ನೆಗಳಿಗೆ ಉತ್ತರ. ಮಣ್ಣು ಏರಿಸಿಲ್ಲ. ಬೇರು ಕಡಿಯುವಂತೆ ಅಗೆಸಿಲ್ಲ. ಬಿಳುಪು ನೀರು ಸೋಪಿನ ನೀರಿನ ಜೊತೆ ನೇರ ಚರಂಡಿಗೆ ಹೋಗುತ್ತದೆ. ಮರಕ್ಕೆ ವಾರಕ್ಕೆ ಎರಡೆರಡು ಬಕೆಟ್ ತಿಳಿನೀರು, ಅಷ್ಟೇ. ಹೊಸದಾಗಿ ಏನೂ ಬಂದಿಲ್ಲ, ಸೊಸೆ ಲಾಂಡ್ರಿಗೆ ತರಿಸಿದ ಒಂದು ಯಂತ್ರ ಬಿಟ್ಟರೆ. ಅದು ಬಾವಿಯ ಗಡಸು ನೀರನ್ನು ಮೆದು ಮಾಡುತ್ತದಂತೆ. ಗಡಸು ನೀರಲ್ಲೇ ನಲವತ್ತು ವರ್ಷ ಬಿಳಿ ತೆಗೆದವಳು ನಾನು. ಆ ಯಂತ್ರದ ಕೋಣೆಗೆ ನಾನು ಕಾಲಿಟ್ಟಿಲ್ಲ. ಅದಕ್ಕೂ ತೋಟಕ್ಕೂ ಸಂಬಂಧವಿಲ್ಲ.

ನಕ್ಷೆ ಇಟ್ಟಿದ್ದೇನೆ. ಅಡಿಕೋಲಿನಿಂದ ಎಳೆದದ್ದು.

ಅತ್ತಿಗೆ

---

ಮಾರ್ಚ್ 8

ಅತ್ತಿಗೆ,

ನಕ್ಷೆ ಅಚ್ಚುಕಟ್ಟಾಗಿದೆ. ನೀವು ಹೇಳಿದ ಪ್ರಕಾರ ಲೆಕ್ಕ ಹಾಕಿದರೆ ಉತ್ತರ ಒಂದೇ: ಮರಗಳಿಗೆ ಬಾಯಾರಿಕೆ. ಅಷ್ಟು ದೊಡ್ಡ ಮರಕ್ಕೆ ಎರಡು ಬಕೆಟ್ ಎಂದರೆ ತುಟಿ ಒದ್ದೆಯಾದಂತೆ. ಎಲೆಗೆ ನೀರು ತಲುಪದಿದ್ದಾಗ ಮೊದಲು ಒಣಗುವುದು ಬೇರಿನಿಂದ ಬಲು ದೂರದಲ್ಲಿರುವ ಅಂಚು. ನೀವು ಬರೆದ ಲಕ್ಷಣವೂ ಅದೇ.

ಹಾಗಾಗಿ ನೀರು ಹೆಚ್ಚಿಸಿ. ಬುಡಕ್ಕೆ ಸುರಿಯದೆ, ಕೊಂಬೆಗಳ ನೆರಳು ಬೀಳುವಷ್ಟು ಅಗಲಕ್ಕೆ ನಿಧಾನವಾಗಿ ಬಿಡಿ. ಒಂದು ತಿಂಗಳಲ್ಲಿ ಹೊಸ ಚಿಗುರು ಕಾಣಬೇಕು.

ಮೇ ಹದಿನೈದಕ್ಕೆ ಇನ್ನೂ ಸಮಯವಿದೆ. ಮನುಷ್ಯನನ್ನು ಎಬ್ಬಿಸುವುದು ಸುಲಭ, ಮತ್ತೆ ಕೂರಿಸುವುದು ಕಷ್ಟ.

ನಾದಿನಿ

---

ಏಪ್ರಿಲ್ 2

ಎಲೆ ಡಾಕ್ಟರಿಗೆ,

ನೀನು ಹೇಳಿದ್ದನ್ನು ಅಕ್ಷರಶಃ ಮಾಡಿದೆ. ನೀರನ್ನು ನಾಲ್ಕು ಪಟ್ಟು ಮಾಡಿದೆ. ನೀನು ಹೇಳಿದಷ್ಟೇ ಅಗಲಕ್ಕೆ ಬಿಟ್ಟೆ. ಫಲ ಕೇಳು. ನಡುವಿನ ಮರ ಇಪ್ಪತ್ತು ದಿನದಲ್ಲಿ ಬೋಳಾಯಿತು. ಮೊನ್ನೆ ಉಳಿದ ಎಲೆಗಳೂ ಒಟ್ಟಿಗೇ ಬಿದ್ದವು, ಇಡೀ ದಿನ ಗುಡಿಸಿದೆ. ಈಗ ಮೂರನೆಯದರ ಕೆಳಗಿನ ಕೊಂಬೆಗಳಲ್ಲೂ ತುದಿ ಕಂದಾಗಿದೆ.

ದೂರ ಕೂತು ಔಷಧ ಹೇಳುವವರನ್ನು ನಂಬಿದ್ದು ನನ್ನ ತಪ್ಪು. ನನ್ನ ಲೆಕ್ಕಕ್ಕೆ ಅವನು ಇನ್ನೂ ಸುರಿಯುತ್ತಿದ್ದಾನೆ, ಹೊರಡುವ ಮುಂಚೆ ಮೂರನ್ನೂ ಮುಗಿಸಿ ಹೋಗುವ ಹಟ. ಅವನು ಪೆಟ್ಟಿಗೆಗಳನ್ನು ತರಿಸಿಕೊಳ್ಳುತ್ತಿದ್ದಾನೆ. ಸೊಸೆ ಊಟದ ಹೊತ್ತಿಗೆ, "ಅತ್ತೆ, ಪಾಪ, ಅವರಿಗೆ ಇನ್ನೂ ಜಾಗ ಸಿಕ್ಕಿಲ್ವಂತೆ" ಅಂದಳು. "ಪಾಪ ಅನ್ನೋದು ಮರಕ್ಕೆ ಹೇಳು" ಅಂದೆ.

ಅತ್ತಿಗೆ

---

ಏಪ್ರಿಲ್ 8

ಅತ್ತಿಗೆ,

ಬೈದದ್ದು ಸರಿ. ಬಾಯಾರಿದ ಮರ ನೀರು ಕೊಟ್ಟರೆ ಚೇತರಿಸಿಕೊಳ್ಳಬೇಕು. ನೀರು ಕೊಟ್ಟಷ್ಟೂ ಬೇಗ ಸಾಯುತ್ತಿದೆ ಎಂದರೆ ನನ್ನ ರೋಗನಿದಾನ ತಪ್ಪು, ಅಥವಾ ನನಗೆ ಸಿಕ್ಕ ವಿವರ ತಪ್ಪು.

ಮೂರೂ ಮರಗಳಿಗೆ ಇನ್ನು ತೊಟ್ಟು ನೀರೂ ಹಾಕಬೇಡಿ. ಒಂದೊಂದರ ಬುಡದಿಂದ ಎರಡು ಅಡಿ ದೂರದಲ್ಲಿ, ಒಂದು ಗೇಣು ಆಳದ ಮಣ್ಣು ಒಂದೊಂದು ಹಿಡಿ ತೆಗೆದು, ಬೇರೆ ಬೇರೆ ಪೊಟ್ಟಣ ಕಟ್ಟಿ, ಗುರುತು ಬರೆದು ಕಳಿಸಿ. ತಡಮಾಡಬೇಡಿ. ಮೂರನೆಯ ಮರಕ್ಕೂ ಕನ್ನಡಕದವರಿಗೂ ಇರುವ ಸಮಯ ಒಂದೇ.

ಇನ್ನೊಂದು ಮಾತು. ಎರಡು ಬಕೆಟ್ಟಿನ ನಾಲ್ಕು ಪಟ್ಟು ಎಂದರೆ ಎಂಟು. ಮೂರು ಮರಕ್ಕೆ ಇಪ್ಪತ್ತನಾಲ್ಕು. ಅಷ್ಟನ್ನು ಬಾವಿಯಿಂದ ಯಾರು ಹೊರುತ್ತಿದ್ದಾರೆ? ನಿಮ್ಮ ಮಂಡಿ ಹೇಗಿದೆ?

ನಾದಿನಿ

---

ಏಪ್ರಿಲ್ 12

ನಾದಿನಿಗೆ,

ಮಣ್ಣು ಕಳಿಸಿದ್ದೇನೆ. ಒಂದು: ಲಾಂಡ್ರಿ ಗೋಡೆಯ ಮರ. ಎರಡು: ನಡುವಿನದು. ಮೂರು: ಕನ್ನಡಕದವನ ಕಿಟಕಿಯ ಕೆಳಗಿನದು. ಮೂರನೆಯದನ್ನು ಎಚ್ಚರಿಕೆಯಿಂದ ಬಿಚ್ಚು. ಕಳ್ಳ ಸಿಗುವುದು ಅಲ್ಲೇ.

ಮಂಡಿ ಚೆನ್ನಾಗಿದೆ.

ಅತ್ತಿಗೆ

---

ಏಪ್ರಿಲ್ 19

ಅತ್ತಿಗೆ,

ಮೂರೂ ಪೊಟ್ಟಣದ ಮಣ್ಣನ್ನು ಬೇರೆ ಬೇರೆಯಾಗಿ ಶುದ್ಧ ನೀರಲ್ಲಿ ಕಲಸಿ, ಸೋಸಿ, ಮೀಟರಿನಲ್ಲಿ ಅಳೆದೆ. ನಂಬಿಕೆಯಾಗದೆ ಮರುದಿನ ಮತ್ತೆ ಅಳೆದೆ.

ಕಿಟಕಿಯ ಕೆಳಗಿನ ಮೂರನೆಯ ಪೊಟ್ಟಣ ಸ್ವಲ್ಪ ಕೆಟ್ಟಿದೆ, ಅಷ್ಟೇ. ಅದರಲ್ಲಿ ಬೀಜ ಹಾಕಿದರೂ ಮೊಳೆಯುತ್ತದೆ. ಎರಡನೆಯದು ಕೆಟ್ಟದ್ದು. ಲಾಂಡ್ರಿ ಗೋಡೆಯ ಮೊದಲನೆಯ ಪೊಟ್ಟಣದ ಮಣ್ಣನ್ನು ಅಡುಗೆಗೆ ಉಪ್ಪಿನ ಬದಲು ಹಾಕಬಹುದು. ಅದು ವಿಷವಲ್ಲ ಅತ್ತಿಗೆ, ಉಪ್ಪು. ನಾವು ದಿನಾ ತಿನ್ನುವ ಉಪ್ಪು.

ಮಣ್ಣಲ್ಲಿ ಉಪ್ಪು ತುಂಬಿದರೆ ನೀರನ್ನು ಅದೇ ಹಿಡಿದಿಟ್ಟುಕೊಳ್ಳುತ್ತದೆ, ಬೇರಿಗೆ ಬಿಡುವುದಿಲ್ಲ. ಮರ ನೀರಿನ ನಡುವೆ ನಿಂತು ಬಾಯಾರಿ ಸಾಯುತ್ತದೆ. ಎಲೆಯಲ್ಲಿ ನೋಡಿದರೆ ಎರಡೂ ಬಾಯಾರಿಕೆ ಒಂದೇ ಥರ ಕಾಣುತ್ತವೆ. ನಾನು ಮೋಸ ಹೋದದ್ದು ಅಲ್ಲಿ.

ಉಪ್ಪು ಲಾಂಡ್ರಿ ಕಡೆಯಿಂದ ಬೀದಿ ಕಡೆಗೆ ಹರಡಿದೆ, ಬೀದಿಯಿಂದ ಒಳಗೆ ಬಂದಿಲ್ಲ. ಕನ್ನಡಕದವರು ಇದನ್ನು ಮಾಡಿಲ್ಲ. ಉಳಿದದ್ದು ನೀವೇ ಹುಡುಕಬೇಕು. ಆ ನೀರು ಎಲ್ಲಿಂದ ಬರುತ್ತದೆ?

ನಾದಿನಿ

---

ಏಪ್ರಿಲ್ 23

ನಾದಿನಿಗೆ,

ನನ್ನ ಮನೆಯಲ್ಲಿ ಮರಕ್ಕೆ ಉಪ್ಪು ಹಾಕುವವರು ಯಾರೂ ಇಲ್ಲ. ನಿನ್ನ ಮೀಟರು ರಿಪೇರಿಗೆ ಕೊಡು.

ಅತ್ತಿಗೆ

---

ಏಪ್ರಿಲ್ 28

ನಾದಿನಿಗೆ,

ಮೀಟರು ಸರಿಯಾಗಿದೆ.

ಬಕೆಟ್ಟಿನ ವಿಷಯದಲ್ಲಿ ನಾನು ನಿನಗೆ ಸುಳ್ಳು ಹೇಳಿದ್ದೆ. ಬಕೆಟ್ ಎಂದೋ ನಿಂತುಹೋಗಿತ್ತು. ಹೇಗೆಂದು ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ.

ಸೊಸೆಯ ಆ ಯಂತ್ರ ದಿನಾ ಬೆಳಿಗ್ಗೆ ಐದೂವರೆಗೆ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ತೊಳೆದ ನೀರು ಚರಂಡಿಗೆ ಹೋಗುತ್ತಿತ್ತು. ನೋಡಿದರೆ ಕನ್ನಡಿಯಂಥ ನೀರು, ಸೋಪಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಒಂದು ಚೊಂಬು ನೀರನ್ನು ಮೂರು ಕೆಲಸಕ್ಕೆ ಬಳಸಿ ಬೆಳೆದವಳು ನಾನು. ಕಣ್ಣೆದುರಿಗೆ ಅಷ್ಟು ನೀರು ಹರಿದುಹೋಗುವುದನ್ನು ಹೇಗೆ ಸಹಿಸಲಿ? ಸೊಸೆಗೆ ಹೇಳಿದರೆ, "ಬೇಡ ಅತ್ತೆ, ಚರಂಡಿಗೇ ಬಿಡಬೇಕು ಅಂತ ಪುಸ್ತಕದಲ್ಲಿದೆ" ಅಂದಳು. ಯಾಕೆಂದು ನಾನು ಕೇಳಲಿಲ್ಲ. ಅವಳು ತವರಿಗೆ ಹೋಗಿದ್ದ ವಾರ ನಲ್ಲಿ ಕೆಲಸದವನನ್ನು ಕರೆಸಿ, ಗೋಡೆಗೆ ತೂತು ಹೊಡೆಸಿ, ಮಣ್ಣೊಳಗೆ ಗೇಣುದ್ದ ಆಳದಲ್ಲಿ ಮರಗಳ ಕಡೆಗೆ ಪೈಪು ಹಾಕಿಸಿ, ಮೇಲೆ ಹೂಕುಂಡ ಇಡಿಸಿದೆ. ಒಂದೂವರೆ ವರ್ಷವಾಯಿತು. ಅರ್ಧ ತಿರುಗಿಸಿದ್ದ ಪೈಪಿನ ಕೀಲಿಯನ್ನು ನೀನು ನೀರು ಹೆಚ್ಚಿಸು ಎಂದಾಗ ಪೂರ್ತಿ ತಿರುಗಿಸಿದೆ. ತೊಟ್ಟು ನೀರೂ ಬೇಡ ಎಂದು ನೀನು ಬರೆದ ಮೇಲೂ ಮುಚ್ಚಲಿಲ್ಲ.

ನಿನ್ನ ಕಾಗದ ಬಂದ ಮೇಲೆ ಮೂರು ದಿನ ಅತ್ತ ಸುಳಿಯಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಐದೂವರೆಗೆ ಹೋಗಿ ಕುಂಡ ಸರಿಸಿ, ಪೈಪಿನ ಬಾಯಿಗೆ ಬೆರಳು ಹಿಡಿದು ನಾಲಿಗೆಗೆ ಮುಟ್ಟಿಸಿಕೊಂಡೆ. ಬೆನ್ನ ಹಿಂದೆ ಸೊಸೆ ನಿಂತಿದ್ದಳು.

"ಉಪ್ಪಾ ಅತ್ತೆ?"

"ನಿಂಗೆ ಗೊತ್ತಿತ್ತಾ?"

"ಪೈಪ್ ಇರೋದು ಗೊತ್ತಿರ್ಲಿಲ್ಲ. ಯಂತ್ರಕ್ಕೆ ಉಪ್ಪು ಹಾಕೋದು ಗೊತ್ತಿತ್ತು. ವಾರಕ್ಕೊಂದು ಚೀಲ ನಾನೇ ಸುರೀತೀನಿ. ಕೇಳಿದ್ರೆ ಹೇಳ್ತಿದ್ದೆ."

"ಕೇಳೋ ಅಭ್ಯಾಸ ನಂಗಿಲ್ಲ" ಅಂದೆ.

"ಗೊತ್ತು ಅತ್ತೆ" ಅಂದಳು. ನಗಲಿಲ್ಲ. ಕೀಲಿ ತಿರುಗಿಸಿ ನಿಲ್ಲಿಸಿದಳು. ನನ್ನ ಕೈ ಹಿಡಿದು ಎಬ್ಬಿಸಿದಳು, ಮಂಡಿ ಹಿಡಿದುಕೊಂಡಿತ್ತು.

ನಡುವಿನ ಮರ ಬದುಕುತ್ತದೆಯೇ? ಮೂರನೆಯದನ್ನು ಉಳಿಸಲು ಏನು ಮಾಡಬೇಕು? ಬೈಯುವುದಿದ್ದರೆ ಕೊನೆಗೆ ಬೈ, ಮೊದಲು ಔಷಧ ಬರೆ.

ಅತ್ತಿಗೆ

---

ಮೇ 4

ಅತ್ತಿಗೆ,

ಮೊದಲು ಔಷಧ. ಪೈಪನ್ನು ಕತ್ತರಿಸಿ ಚರಂಡಿಗೇ ಸೇರಿಸಿ. ನಡುವಿನ ಮರದ ಕಾಂಡವನ್ನು ಉಗುರಿನಿಂದ ಕೆರೆದು ನೋಡಿ. ಸಿಪ್ಪೆಯ ಕೆಳಗೆ ಹಸಿರಿದ್ದರೆ ಜೀವ ಇದೆ, ಕಂದಾಗಿದ್ದರೆ ಇಲ್ಲ. ಮೂರನೆಯದರ ಸುತ್ತ ಉಪ್ಪು ತೊಳೆದುಹೋಗುವಂತೆ ನೀರು ಬಿಡಬೇಕು. ಒಂದಿಡೀ ದಿನ ನಿಧಾನವಾಗಿ ಬಿಡಿ, ವಾರ ಬಿಟ್ಟು ಮತ್ತೆ, ಹೀಗೆ ಮೂರು ಸಲ. ಮೆದು ಮಾಡಿದ ನೀರು ಬೇಡ, ನಿಮ್ಮ ಹಳೆಯ ಬಾವಿಯ ಗಡಸು ನೀರೇ ಆಗಬೇಕು. ಬಟ್ಟೆಯನ್ನು ಮಂಕು ಮಾಡುವ ಆ ಸುಣ್ಣವೇ ಮಣ್ಣಿನಿಂದ ಉಪ್ಪನ್ನು ಬಿಡಿಸುತ್ತದೆ. ಗಡಸು ನೀರಿನ ಪರವಾಗಿ ನೀವು ಆಡಿದ ಮಾತು ಅಷ್ಟರಮಟ್ಟಿಗೆ ನಿಜ.

ಬೈಯುವುದಿಲ್ಲ. ತಪ್ಪು ನನ್ನದೂ ಇದೆ. ಬೇರೆ ಯಾರಾದರೂ ಎರಡು ಬಕೆಟ್ ಎಂದಿದ್ದರೆ ನಾನು ಮೊದಲ ದಿನವೇ ಮಣ್ಣು ತರಿಸುತ್ತಿದ್ದೆ. ಮಾಲೀಕರ ಮಾತಲ್ಲ, ಎಲೆಯ ಮಾತು ಕೇಳಬೇಕು ಎಂದು ಹೊಸಬರಿಗೆ ಪಾಠ ಹೇಳುವವಳು ನಾನು. ಅತ್ತಿಗೆ ಹೇಳಿದ ಮೇಲೆ ಮುಗಿಯಿತು ಎಂದು ಸುಮ್ಮನಾದೆ. ಮದುವೆಯಾಗಿ ಬಂದ ದಿನದಿಂದ ನೀವು ಸುಳ್ಳು ಹೇಳಿದ್ದನ್ನು ಕಂಡಿರಲಿಲ್ಲ. ನಡುವಿನ ಮರ ಹೋದದ್ದರಲ್ಲಿ ನನ್ನ ಪಾಲು ಆ ನಂಬಿಕೆ.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಪೈಪು ಇದೆ, ಸೊಸೆ ಇದ್ದಾಳೆ, ಮಂಡಿಯೂ ಇದೆ. ಕನ್ನಡಕದವರು ಎಲ್ಲೂ ಇಲ್ಲ. ಅವರಿಗೆ ಹೇಳಿದಿರಾ? ಹದಿನೈದು ಹತ್ತಿರ ಬಂತು.

ನಾದಿನಿ

---

ಮೇ 13

ನಾದಿನಿಗೆ,

ಹೇಳಿರಲಿಲ್ಲ. ನಿನ್ನ ಕಾಗದ ಬಂದ ಮೇಲೂ ಎರಡು ದಿನ ಹೇಳಲಿಲ್ಲ. ಅವನು ಹೋಗಲಿ, ಮೆಲ್ಲಗೆ ಎಲ್ಲರೂ ಮರೆಯುತ್ತಾರೆ ಎಂದುಕೊಂಡೆ. ಹೀಗೆ ಅಂದುಕೊಂಡೆ ಎಂಬುದನ್ನು ನಿನಗೆ ಮಾತ್ರ ಬರೆಯುತ್ತಿದ್ದೇನೆ.

ನಿನ್ನೆ ಸಂಜೆ ಅಂಗಡಿಯಲ್ಲಿ ಜನರಿರುವ ಹೊತ್ತು ನೋಡಿಕೊಂಡು ಹೋದೆ. ಜನರೆದುರಿಗೆ ಅಂದದ್ದನ್ನು ಜನರೆದುರಿಗೇ ತೆಗೆಯಬೇಕು. ಅವನು ಚೌಕಟ್ಟುಗಳನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತುತ್ತಿದ್ದ. ಒಬ್ಬ ಮುದುಕ ಪರೀಕ್ಷೆಯ ದಪ್ಪ ಚೌಕಟ್ಟು ಹಾಕಿಕೊಂಡು ಕೂತಿದ್ದ. ಬಾಗಿಲಲ್ಲಿ ಇಬ್ಬರು ಹೆಂಗಸರು.

"ಮರ ಸಾಯಿಸಿದ್ದು ನೀನಲ್ಲ. ನಾನು" ಅಂದೆ.

"ಅಮ್ಮಾ, ಮೊದ್ಲು ಕೂತ್ಕೊಳ್ಳಿ."

"ನಿಂತೇ ಹೇಳ್ತೀನಿ. ಲಾಂಡ್ರಿ ಯಂತ್ರದ ಉಪ್ಪುನೀರು ಬೇರಿಗೆ ಬಿಟ್ಟಿದ್ದು ನಾನು. ನಿನ್ನ ಮೇಲೆ ಹಾಕಿದ್ದು ನಾನು. ಎರಡೂ ತಪ್ಪು."

ಮುದುಕ ಆ ಚೌಕಟ್ಟಿನೊಳಗಿಂದ ನನ್ನನ್ನು ದಿಟ್ಟಿಸಿ, "ಇವ್ರು ಲಾಂಡ್ರಿ ಅಮ್ಮ ಅಲ್ವಾ? ಗಾಜು ಸರಿಯಿಲ್ಲ ಕಣಯ್ಯಾ, ಬೇರೆ ಯಾರೋ ಥರ ಕಾಣ್ತಾರೆ" ಅಂದ. ಬಾಗಿಲಲ್ಲಿದ್ದವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಕನ್ನಡಕದವನು ನಗಲಿಲ್ಲ. "ಒಂದು ನಿಜ ಹೇಳ್ಲಾ ಅಮ್ಮಾ? ಮೊದಲ್ನೇ ಮರ ಒಣಗ್ದಾಗ ಲಾಂಡ್ರಿ ಕಡೆಯಿಂದ ಬರೋ ಬಸ್ಸಿಂದ ನನ್ನ ಬೋರ್ಡು ಅರ್ಧ ಕಾಣಿಸ್ತು. ಒಳಗೊಳಗೇ ಖುಷಿಯಾಯ್ತು. ಆ ಖುಷಿಗೇ ನೀವು ಬೈತಿದ್ದೀರಿ ಅನ್ನಿಸ್ತು. ಅದಕ್ಕೇ ಅವತ್ತು ಬಾಯಿ ಬರ್ಲಿಲ್ಲ."

ಅವನ ಮೌನವನ್ನು ನಾನು ಓದಿದ್ದು ಹಾಗೆ, ಅದು ಇದ್ದದ್ದು ಹೀಗೆ.

"ಸುತ್ತಿದ್ದನ್ನ ಬಿಚ್ಚು. ಎಲ್ಲೂ ಹೋಗ್ಬೇಡ" ಅಂದೆ.

"ಬಾಯ್ಮಾತು ಸಾಲ್ದು ಅಮ್ಮಾ. ಖಾಲಿ ಮಾಡು ಅಂತ ಕಾಗದದಲ್ಲಿ ಕೊಟ್ರಿ. ಇರು ಅನ್ನೋದೂ ಕಾಗದದಲ್ಲೇ ಬರ್ಲಿ. ಯಾಕೆ ಅಂತಾನೂ ಇರ್ಲಿ. ನನ್ನ ಹೆಂಡ್ತಿ ನಾಲ್ಕು ಬೀದಿಗೆ ಉತ್ತರ ಹೇಳಿ ಸಾಕಾಗಿದ್ದಾಳೆ."

ಕೇಳುವುದರಲ್ಲಿ ತಪ್ಪಿಲ್ಲ. ರಾತ್ರಿ ಊಟಕ್ಕೆ ಮುಂಚೆ ಬರೆದು ಮುಗಿಸಿದೆ. ಇದ್ದದ್ದನ್ನೆಲ್ಲ ಬರೆದೆ, ಆದರೆ ಬಹಳ ಚಿಕ್ಕ ಅಕ್ಷರದಲ್ಲಿ ಬರೆದೆ. ಯಾಕೆಂದು ನೀನು ಊಹಿಸಬಲ್ಲೆ. ಇವತ್ತು ಬೆಳಿಗ್ಗೆ ಸಹಿ ಹಾಕಿ ಕೊಟ್ಟು ಬಂದೆ.

ನಡುವಿನ ಮರ ಕೆರೆದು ನೋಡಿದೆ. ಬುಡದವರೆಗೂ ಕಂದು. ಮೂರನೆಯದಕ್ಕೆ ಬಾವಿ ನೀರಿನ ಮೊದಲ ಸರದಿ ಮುಗಿಯಿತು.

ಅತ್ತಿಗೆ

---

ಆಗಸ್ಟ್ 24

ನಾದಿನಿಗೆ,

ಮೂರನೆಯ ಮರ ಚಿಗುರಿದೆ. ಹೊಸ ಎಲೆ ತುದಿಯವರೆಗೂ ಹಸಿರು, ಅಂಚಿನಲ್ಲಿ ಒಂದು ಚುಕ್ಕೆ ಇಲ್ಲ. ಪುರಾವೆಗೆ ಒಂದೇ ಒಂದು ಎಲೆ ಕಿತ್ತು ಇಟ್ಟಿದ್ದೇನೆ, ಹತ್ತು ಕೇಳಬೇಡ. ಸತ್ತ ಎರಡನ್ನೂ ಕಡಿಸಿದೆವು. ಆ ಜಾಗಕ್ಕೆ ಏನು ನೆಡಬೇಕು, ಎಷ್ಟು ದಿನ ಬಿಟ್ಟು ನೆಡಬೇಕು ಎಂದು ಸೊಸೆ ನಿನಗೆ ಬೇರೆ ಬರೆಯುತ್ತಾಳಂತೆ. ಬರೆಯಲಿ. ಯಂತ್ರದ ಪುಸ್ತಕವನ್ನು ನನಗೂ ಓದಲು ಕೊಟ್ಟಿದ್ದಾಳೆ. ಚರಂಡಿಯ ವಿಷಯ ಹದಿನಾಲ್ಕನೆಯ ಪುಟದಲ್ಲಿದೆ. ದೊಡ್ಡ ಅಕ್ಷರದಲ್ಲೇ ಇದೆ.

ನನ್ನ ಅಕ್ಷರದ ಸುದ್ದಿ ಬೇರೆ. ನಾನು ಬರೆದುಕೊಟ್ಟ ಕಾಗದವನ್ನು ಕನ್ನಡಕದವನು ಪೆಟ್ಟಿಗೆಯಲ್ಲಿಡುತ್ತಾನೆ ಎಂದುಕೊಂಡಿದ್ದೆ. ಅವನು ಅದಕ್ಕೆ ರಟ್ಟು ಅಂಟಿಸಿ ಪರೀಕ್ಷೆಗೆ ಬಳಸುತ್ತಿದ್ದಾನೆ. ಹತ್ತಿರದ ದೃಷ್ಟಿ ಮಂದವಾದವರ ಕೈಗೆ ಕೊಟ್ಟು, "ಎಲ್ಲಿವರೆಗೆ ಓದಕ್ಕಾಗುತ್ತೆ ನೋಡಿ" ಅನ್ನುತ್ತಾನೆ. ಅಷ್ಟು ಸಣ್ಣ, ಅಷ್ಟು ಸ್ಪಷ್ಟ ಅಕ್ಷರ ಅಚ್ಚಿನ ಹಾಳೆಯಲ್ಲೂ ಇಲ್ಲವಂತೆ. ಹೀಗಾಗಿ ಈ ಬೀದಿಯಲ್ಲಿ ನಲವತ್ತು ದಾಟಿದವರೆಲ್ಲ ನನ್ನ ತಪ್ಪನ್ನು ಗಟ್ಟಿಯಾಗಿ ಓದಿ ಹೋಗಿದ್ದಾರೆ. ಓದಲಾಗದವರು ಕನ್ನಡಕ ಕೊಂಡು ಓದಿದ್ದಾರೆ.

ಸೊಸೆಗೆ ಸಿಟ್ಟು ಬಂದು, "ಅತ್ತೆ, ಈಸ್ಕೊಂಡ್ ಬರ್ತೀನಿ" ಎಂದು ಹೊರಟಿದ್ದಳು. ನಾನೇ ತಡೆದೆ. ಬರೆದದ್ದು ಸುಳ್ಳಾಗಿದ್ದರೆ ತರಬಹುದಿತ್ತು.

ಈಗ ಮಧ್ಯಾಹ್ನ ಮೂರನೆಯ ಮರದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕರವಸ್ತ್ರಗಳನ್ನು ಮಡಿಸುತ್ತೇನೆ. ಅವನ ಕಿಟಕಿ ಅಲ್ಲೇ. ನಿನ್ನೆ ಯಾರೋ ಒಬ್ಬ ಹೆಂಗಸು ಓದುತ್ತಿದ್ದಳು. "ಮರಗಳ ಸಾವಿಗೆ ಕಾರಣ ನಾನೇ, ಬಾಡಿಗೆಯವರದು ಇದರಲ್ಲಿ" ಎಂಬಲ್ಲಿಗೆ ಬಂದು ತಡೆದಳು. ಮತ್ತೆ ಮೊದಲಿಂದ ಓದಿ ಮತ್ತೆ ಅಲ್ಲೇ ನಿಂತಳು. ಎಷ್ಟು ಹೊತ್ತು ಕಾಯಲಿ? "ಎಳ್ಳಷ್ಟೂ ತಪ್ಪಿಲ್ಲ" ಎಂದು ಕಿಟಕಿಯ ಈಚೆಯಿಂದ ಹೇಳಿದೆ.

"ಅಮ್ಮಾ, ಹೇಳ್ಕೊಡಬಾರ್ದು" ಎಂದು ಒಳಗಿಂದ ಕನ್ನಡಕದವನು ಕೂಗಿದ. "ಪರೀಕ್ಷೆ ನಡೀತಿದೆ."

ನಿನ್ನ ಅತ್ತಿಗೆ